37 ಪಾಯಿಂಟ್ ಹೊಡೆದವನಿಗೆ ಎಷ್ಟನೇ ನಂಬರು? ಝ್ಯಾಕ್ ಈಡಿ ಪ್ರಕರಣ

2024ರ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಅವತ್ತು ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ನಾನು ನೆತ್ತಿಗೆ ಹರಳೆಣ್ಣೆ ಹಚ್ಚಿಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಅಮೆರಿಕದಲ್ಲಿ ಆಗಿನ್ನೂ ಸೋಮವಾರ ರಾತ್ರಿ. ಅರಿಜೋನಾದ ಗ್ಲೆಂಡೇಲ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ಶುರುವಾಗುತ್ತಿತ್ತು. "ನೀರು ಕಾದಿದೆ, ಎದ್ದು ಬಾರೋ" ಅಂತ ಅಮ್ಮ ಎರಡು ಸಲ ಕೂಗಿದರು. ಮೂರನೇ ಸಲ ಹತ್ತಿರ ಬಂದು ಪರದೆ ನೋಡಿ, "ಅಯ್ಯೋ, ಈ ಹುಡುಗ ಬಾಗಿಲಲ್ಲಿ ಹೇಗೆ ತೂರ್ತಾನೋ!" ಅಂದರು.

ಅಮ್ಮ ಹೇಳಿದ್ದು ಪರ್ಡ್ಯೂ ವಿಶ್ವವಿದ್ಯಾಲಯದ ಝ್ಯಾಕ್ ಈಡಿ ಬಗ್ಗೆ. (ದಿನಾ ಪೇಪರಿನಲ್ಲಿ ಬರುವ ಇ.ಡಿ. ಅಲ್ಲ. ಹೆಸರಿನ ಉಚ್ಚಾರಣೆಯೇ ಹಾಗೆ, ಏನು ಮಾಡೋಣ.) ಎತ್ತರ 7 ಅಡಿ 4 ಅಂಗುಲ. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಕನೆಕ್ಟಿಕಟ್ ವಿಶ್ವವಿದ್ಯಾಲಯ, ಎಲ್ಲರೂ ಯುಕಾನ್ ಅನ್ನುವ ತಂಡ. ಆಟ ಮುಗಿದಾಗ ಸ್ಕೋರು 75–60. ಪರ್ಡ್ಯೂ ಸೋತಿತ್ತು. ಆ 60ರಲ್ಲಿ 37 ಈಡಿ ಒಬ್ಬನದೇ. ಉಳಿದವರೆಲ್ಲ ಸೇರಿ 23.

ನಾನು ಈ ಪ್ರಕರಣ ಬರೆಯಲು ಕೂತಿದ್ದು ಆ ಒಂದು ಅಂಕಿಯಿಂದ. ದೇಶದ ಅತಿ ದೊಡ್ಡ ಕಾಲೇಜು ಆಟದಲ್ಲಿ, ಅತಿ ಒಳ್ಳೆಯ ಡಿಫೆನ್ಸ್ ಎದುರು 37 ಹೊಡೆದ ಹುಡುಗನಿಗೆ 11 ವಾರ ಬಿಟ್ಟು ಎನ್‌ಬಿಎ ಡ್ರಾಫ್ಟ್ ಇತ್ತು, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಆರಿಸುವ ದಿನ. ಆ 37 ಅವನ ಬೆಲೆ ಏರಿಸಬೇಕಾ, ಇಳಿಸಬೇಕಾ? ಕೇಳಿದರೆ ನಗು ಬರಬಹುದು. ಆದರೆ ಇಳಿಸಬೇಕು ಅನ್ನುವವರು ಕಡಿಮೆ ಇರಲಿಲ್ಲ.

ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಹಾಗಲ್ಲ. ಇಲ್ಲಿ ಯಾರೂ ಬೋರ್ಡು ಎತ್ತಿ ದುಡ್ಡು ಕೂಗುವುದಿಲ್ಲ. ತಂಡಗಳು ಸರದಿಯಲ್ಲಿ ಒಂದೊಂದು ಹೆಸರು ಹೇಳುತ್ತವೆ. ಹಿಂದಿನ ವರ್ಷ ಜಾಸ್ತಿ ಸೋತವರಿಗೆ ಮೊದಲ ಸರದಿ ಸಿಗುವ ಅವಕಾಶ ಜಾಸ್ತಿ, ಅದಕ್ಕೂ ಒಂದು ಲಾಟರಿ. ಎಷ್ಟನೇ ನಂಬರಿಗೆ ಹೋದೆ ಅನ್ನುವುದರ ಮೇಲೆ ಮೊದಲ ಕೆಲವು ವರ್ಷದ ಸಂಬಳ ನಿಂತಿರುತ್ತದೆ. ಮೊದಲ ಸುತ್ತಿನಲ್ಲಿ ಹೋದರೆ ಒಪ್ಪಂದ ಗಟ್ಟಿ. ಎರಡನೇ ಸುತ್ತು ಅಂದರೆ ಅದೃಷ್ಟ. 2024ರಲ್ಲಿ ಎರಡೂ ಸುತ್ತು ಸೇರಿ ಕರೆದದ್ದು 58 ಹೆಸರು.

ಉದ್ದ ಇದ್ದೀಯ, ರಿಂಗ್ ಕೆಳಗೆ ನಿಂತ್ಕೋ

ಕಾಲೇಜಿನಲ್ಲಿ ನಾನೂ ಸ್ವಲ್ಪ ದಿನ ಬ್ಯಾಸ್ಕೆಟ್‌ಬಾಲ್ ಆಡಿದವನು. 6 ಅಡಿ 1 ಅಂಗುಲ ಇದ್ದೆ ಅನ್ನುವುದೇ ಅರ್ಹತೆ. ಮೊದಲ ದಿನವೇ ಕೋಚ್, "ಉದ್ದ ಇದ್ದೀಯ, ರಿಂಗ್ ಕೆಳಗೆ ನಿಂತ್ಕೋ" ಅಂದುಬಿಟ್ಟರು. ಆ ಜಾಗಕ್ಕೆ ನಮ್ಮಲ್ಲಿ ಪಿವಟ್ ಅನ್ನುತ್ತಾರೆ, ಅಮೆರಿಕದವರು ಸೆಂಟರ್ ಅನ್ನುತ್ತಾರೆ. ಅಲ್ಲಿ ನಿಂತವನಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಬಾಲ್ ನಿನ್ನ ಕೈಗೆ ಬರಬೇಕಾದರೆ ಇನ್ನೊಬ್ಬ ಕೊಡಬೇಕು. ಗಾರ್ಡ್ (ಹೊರಗಿನಿಂದ ಆಟ ನಡೆಸುವವನು, ಕಾವಲಿನವನಲ್ಲ) ಬಾಲನ್ನು ತಾನೇ ತಂದುಕೊಳ್ಳುತ್ತಾನೆ. ಪಿವಟ್ ಕಾಯುತ್ತಾನೆ.

ಈಡಿ ಟೊರಾಂಟೊದ ಹುಡುಗ. ಚಿಕ್ಕವನಿದ್ದಾಗ ಆಡಿದ್ದು ಐಸ್ ಹಾಕಿ ಮತ್ತು ಬೇಸ್‌ಬಾಲ್. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಹೈಸ್ಕೂಲಿಗೆ ಬಂದ ಮೇಲೆ, ಹತ್ತನೇ ಕ್ಲಾಸಿನ ಹೊತ್ತಿಗೆ. ಆಮೇಲೆ ಫ್ಲಾರಿಡಾದ ಐಎಂಜಿ ಅಕಾಡೆಮಿ ಅನ್ನುವ ಕ್ರೀಡಾ ಶಾಲೆ. ಕಾಲೇಜಿಗೆ ಬರುವಾಗ ಅವನ ಬ್ಯಾಚಿನ ರ‍್ಯಾಂಕ್ ಪಟ್ಟಿಯಲ್ಲಿ ಅವನಿದ್ದದ್ದು 400ರ ಆಚೆ. ಪರ್ಡ್ಯೂ ಕೋಚ್ ಮ್ಯಾಟ್ ಪೇಂಟರ್‌ಗೆ ದೊಡ್ಡ ಮೈಯ ಹುಡುಗರನ್ನು ತಿದ್ದಿ ಅಭ್ಯಾಸ ಇತ್ತು. ಎ.ಜೆ. ಹ್ಯಾಮನ್ಸ್, ಐಸಾಕ್ ಹಾಸ್, ಕೇಲಬ್ ಸ್ವಾನಿಗನ್, ಟ್ರೆವಿಯನ್ ವಿಲಿಯಮ್ಸ್ ಹೀಗೆ ಒಬ್ಬರ ಹಿಂದೆ ಒಬ್ಬರು ಬಂದಿದ್ದರು. ಎಲ್ಲರೂ ಪಿವಟ್ ಬೇಡ, ಥ್ರೀ-ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್) ಬೇಕು ಅಂತ ಓಡುತ್ತಿದ್ದ ಕಾಲದಲ್ಲಿ ಈ ಮನುಷ್ಯ ಹಳೇ ದಾರಿ ಬಿಡಲಿಲ್ಲ.

ಮೊದಲ ವರ್ಷ ಈಡಿಯದು ಆಟಕ್ಕೆ 8.7 ಪಾಯಿಂಟ್. ಎರಡನೇ ವರ್ಷ ವಿಲಿಯಮ್ಸ್ ಜೊತೆ ಜಾಗ ಹಂಚಿಕೊಂಡು 14.4. ಮೂರನೇ ವರ್ಷ, ಅಂದರೆ 2022–23ರಲ್ಲಿ, 22.3 ಪಾಯಿಂಟ್, 12.9 ರೀಬೌಂಡ್ (ಒಳಗೆ ಬೀಳದೆ ಮರಳಿದ ಬಾಲ್ ಹಿಡಿಯುವುದು). ದೇಶದ ಅತ್ಯುತ್ತಮ ಆಟಗಾರ ಪ್ರಶಸ್ತಿಗಳನ್ನು ಗುಡಿಸಿಕೊಂಡು ಹೋದ. ಮುಂದಿನ ವರ್ಷ 25.2 ಪಾಯಿಂಟ್, 12.2 ರೀಬೌಂಡ್. ಆ ಪ್ರಶಸ್ತಿಗಳು ಮತ್ತೆ ಅವನಿಗೇ. ಎರಡು ವರ್ಷ ಬೆನ್ನುಬೆನ್ನಿಗೆ ಹೀಗೆ ಗೆದ್ದವರು 1980ರ ದಶಕದ ರಾಲ್ಫ್ ಸ್ಯಾಂಪ್ಸನ್ ಆದ ಮೇಲೆ ಇವನೇ ಮೊದಲು.

ನಮ್ಮವರಿಗೆ ಕೂಡಲೇ ಅರ್ಥ ಆಗುವ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. 2021ರಿಂದ ಅಮೆರಿಕದ ಕಾಲೇಜು ಆಟಗಾರರು ಜಾಹೀರಾತಿಂದ ದುಡ್ಡು ಮಾಡಬಹುದು. ಆದರೆ ಈಡಿ ಕೆನಡಾದವನು, ಇದ್ದದ್ದು ಎಫ್-1 ವೀಸಾದ ಮೇಲೆ. ಎಂ.ಎಸ್. ಮಾಡಲು ಹೋದ ನಮ್ಮ ಹುಡುಗರಿಗೆ ಕ್ಯಾಂಪಸ್ ಆಚೆ ಕೆಲಸ ಮಾಡಲು ಬಿಡದ ಅದೇ ವೀಸಾ. ಪರ್ಡ್ಯೂ ಅಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಎಂಜಿನಿಯರಿಂಗ್ ಎಂ.ಎಸ್. ಅಂತಲೇ ಅರ್ಥ. ಆ ಕ್ಯಾಂಪಸ್ಸಿನ ಅತಿ ದೊಡ್ಡ ಸ್ಟಾರ್ ಕೂಡ ಅದೇ ನಿಯಮದ ಕೆಳಗೆ ಕೈಕಟ್ಟಿ ಕೂತಿದ್ದ. ಜೊತೆಯವರು ಆರಾಮಾಗಿ ಜಾಹೀರಾತು ಮಾಡುತ್ತಿದ್ದರು.

ಒಂದು ಬಾಲ್, ನಾಲ್ಕು ಮೂಲೆ

ಪರ್ಡ್ಯೂ ಆಟ ಹೇಗಿತ್ತು ಅಂತ ಒಂದು ಸಲದ ದಾಳಿ ಇಟ್ಟುಕೊಂಡು ನೋಡೋಣ.

ಬ್ರೇಡನ್ ಸ್ಮಿತ್ ಬಾಲ್ ತರುತ್ತಾನೆ. ಆರಡಿ ಹುಡುಗ, ಮುಖ ನೋಡಿದರೆ ಇನ್ನೂ ಪಿಯುಸಿ ಅನ್ನಿಸುತ್ತದೆ. ಈಡಿ ನಿಧಾನಕ್ಕೆ ಮೇಲೆ ಬಂದು ಸ್ಮಿತ್‌ನ ಕಾವಲಿಗನಿಗೆ ಅಡ್ಡ ನಿಲ್ಲುತ್ತಾನೆ. ಇದು ಸ್ಕ್ರೀನ್. ಸುಮಾರು 136 ಕೆಜಿಯ ಗೋಡೆ ಅದು. ಸುತ್ತಿಕೊಂಡು ಹೋಗಲು ಕಾವಲಿಗನಿಗೆ ಎರಡು ಹೆಜ್ಜೆ ಜಾಸ್ತಿ ಬೇಕು. ಅಷ್ಟರಲ್ಲಿ ಸ್ಮಿತ್ ಒಳಗೆ ನುಗ್ಗಿರುತ್ತಾನೆ. ಅಲ್ಲಿಂದ ತಾನೇ ಹೊಡೆಯಬಹುದು, ಇಲ್ಲ ರಿಂಗ್ ಕಡೆ ಹೊರಟ ಈಡಿಗೆ ಬಾಲ್ ಮೇಲೆ ಎಸೆಯಬಹುದು. ಆ ಎತ್ತರಕ್ಕೆ ಇನ್ನೊಬ್ಬನ ಕೈ ಹೋಗುವುದಿಲ್ಲ.

ಅದು ಆಗದಿದ್ದರೆ ಈಡಿ ರಿಂಗ್‌ನ ಎಡಗಡೆಗೋ ಬಲಗಡೆಗೋ ಹೋಗಿ ಕಾವಲಿಗನಿಗೆ ಬೆನ್ನು ಹಚ್ಚಿ ನಿಲ್ಲುತ್ತಾನೆ. ಬಾಲ್ ಬೇಕು ಅಂತ ಒಂದು ಕೈ ಮೇಲೆ. ಇದು ಪೋಸ್ಟ್-ಅಪ್. ಟೀವಿಯಲ್ಲಿ ನೋಡುವವರ ಕಣ್ಣು ಈಡಿ ಮೇಲೆ ಇರುತ್ತದೆ. ಆದರೆ ನೋಡಬೇಕಾದ್ದು ಬಾಲ್ ಹಿಡಿದು ಹೊರಗೆ ನಿಂತವನನ್ನು. ಅವನು ಒಂದು ಹೆಜ್ಜೆ ಆಕಡೆ ಈಕಡೆ ಸರಿದು ಪಾಸ್ ಹೋಗುವ ಸಂದು ಹುಡುಕುತ್ತಿರುತ್ತಾನೆ. ಸಂದು ಸಿಗಲಿಲ್ಲ ಅಂದರೆ ಬಾಲ್ ಇನ್ನೊಂದು ಮೂಲೆಗೆ ಹೋಗುತ್ತದೆ, ಈಡಿ ಅಲ್ಲೇ ಮೈ ತಿರುಗಿಸಿ ಹೊಸ ಕೋನದಲ್ಲಿ ನಿಲ್ಲುತ್ತಾನೆ. ಒಂದೇ ದಾಳಿಯಲ್ಲಿ ಎರಡು ಮೂರು ಸಲ ಹೀಗೆ ಆಗುತ್ತಿತ್ತು. ನೋಡಲು ಬೋರು. ತಡೆಯಲು ನರಕ.

ಬಾಲ್ ಸಿಕ್ಕಿತು ಅಂದುಕೊಳ್ಳಿ. ಈಗ ಎದುರಾಳಿಗೆ ಎರಡೇ ದಾರಿ. ಒಬ್ಬನನ್ನೇ ಬಿಟ್ಟರೆ ಈಡಿ ಒಂದು ಡ್ರಿಬಲ್ ಹಾಕಿ, ಭುಜ ತಿರುಗಿಸಿ, ಹುಕ್ ಶಾಟ್ (ಒಂದೇ ಕೈಯನ್ನು ತಲೆ ಮೇಲಿಂದ ಬೀಸಿ ಎಸೆಯುವುದು) ಹಾಕುತ್ತಾನೆ. ಅವನು ಹೊಡೆದ ನೂರಕ್ಕೆ 62 ಒಳಗೆ ಬೀಳುತ್ತಿದ್ದವು. ಇಲ್ಲವೇ ಫೌಲ್ ಮಾಡಬೇಕು. ಆಟಕ್ಕೆ ಹನ್ನೊಂದರ ಹತ್ತಿರ ಫ್ರೀ ಥ್ರೋ (ಫೌಲ್ ಆದಾಗ ಯಾರೂ ಅಡ್ಡ ಬರದೆ ಹೊಡೆಯುವ ಒಂದು ಪಾಯಿಂಟಿನ ಶಾಟ್) ಅವನಿಗೆ ಸಿಗುತ್ತಿದ್ದವು. ಇಷ್ಟು ಕಷ್ಟ ಯಾಕೆ ಅಂತ ಇಬ್ಬರನ್ನು ಕಳಿಸಿದರೆ, ಮೂಲೆಯಲ್ಲಿ ಯಾವನೋ ಒಬ್ಬ ಖಾಲಿ ನಿಂತಿರುತ್ತಾನೆ. ಬಾಲ್ ಅಲ್ಲಿಗೆ, ಮೂರು ಪಾಯಿಂಟ್.

ಹಾಗಾಗಿ ಈಡಿಯ ಬೆಲೆ ಆ ಖಾಲಿ ನಿಂತವನ ಕೈಯಲ್ಲಿತ್ತು. ಅವನು ಹೊಡೆದರೆ ಎರಡನೇ ಕಾವಲಿಗ ಈಡಿ ಹತ್ತಿರ ಬರಲು ಹೆದರುತ್ತಾನೆ. ಅವನು ತಪ್ಪಿಸಿದರೆ ಮೂವರು ಬಂದು ಸುತ್ತುತ್ತಾರೆ. ಪಿವಟ್ ಆಡಿದ ಯಾರನ್ನು ಬೇಕಾದರೂ ಕೇಳಿ, ನಮ್ಮ ಗೋಳು ಇದೇ.

2022–23ರಲ್ಲಿ ತಪ್ಪಿಸಿದರು. ಆ ವರ್ಷ ಪರ್ಡ್ಯೂ ಥ್ರೀ-ಪಾಯಿಂಟರ್ ಲೆಕ್ಕ ನೂರಕ್ಕೆ 32. ಸ್ಮಿತ್ ಮತ್ತು ಫ್ಲೆಚರ್ ಲೋಯರ್ ಇಬ್ಬರೂ ಮೊದಲ ವರ್ಷದ ಹುಡುಗರು, ದೇಶದ ಕಾಲೇಜು ಟೂರ್ನಿ ನಡೆಯುವ ಮಾರ್ಚ್ ಬರುವಷ್ಟರಲ್ಲಿ ದಣಿದಿದ್ದರು. 2023ರ ಮಾರ್ಚ್ 17ರಂದು ಕೊಲಂಬಸ್‌ನಲ್ಲಿ ಫೇರ್ಲಿ ಡಿಕಿನ್ಸನ್ ಅನ್ನುವ ಪುಟ್ಟ ಕಾಲೇಜು ಎದುರು ಸಿಕ್ಕಿತು. ಪರ್ಡ್ಯೂಗೆ 1ನೇ ಶ್ರೇಯಾಂಕ, ಅವರಿಗೆ 16ನೆಯದು. ಕಾಲೇಜು ಆಟದ ಮೇಲಿನ ದರ್ಜೆಯಾದ ಇಡೀ ಡಿವಿಷನ್-1ರಲ್ಲೇ ಅತಿ ಕುಳ್ಳ ತಂಡ ಅವರದು. ಅವರು ಮಾಡಿದ್ದು ಇಷ್ಟೇ: ಈಡಿಯ ಮುಂದೆ ಒಬ್ಬ, ಹಿಂದೆ ಒಬ್ಬ. ಉಳಿದವರು ಹೊಡೆದುಕೊಳ್ಳಲಿ ಅಂತ ಬಿಟ್ಟರು. ಪರ್ಡ್ಯೂ 26 ಥ್ರೀ-ಪಾಯಿಂಟರ್ ಹೊಡೆದು 5 ಹಾಕಿತು. 63–58ರಲ್ಲಿ ಸೋತಿತು. ಗಂಡಸರ ಟೂರ್ನಿಯ ಇತಿಹಾಸದಲ್ಲಿ 16ನೇ ಶ್ರೇಯಾಂಕದವರು 1ನೆಯವರನ್ನು ಸೋಲಿಸಿದ್ದು ಅದು ಎರಡನೇ ಸಲ.

ಈಡಿ ಆ ರಾತ್ರಿ 21 ಪಾಯಿಂಟ್, 15 ರೀಬೌಂಡ್. ಹೊಡೆಯಲು ಸಿಕ್ಕಿದ್ದು ಬರೀ 11 ಶಾಟ್. 7 ಅಡಿ 4 ಅಂಗುಲದವನಿಗೆ ಕುಳ್ಳರ ಎದುರು 11 ಶಾಟ್! ಬೈಗುಳ ಮಾತ್ರ ಅವನ ತಲೆಗೇ ಬಂತು.

ಆ ವಸಂತದಲ್ಲಿ ಅವನು ಡ್ರಾಫ್ಟಿಗೆ ಹೆಸರು ಕೊಟ್ಟಿದ್ದ. ಎನ್‌ಬಿಎ ತಂಡಗಳು ಏನು ಹೇಳುತ್ತವೆ ಅಂತ ಕೇಳಿಸಿಕೊಂಡ. ಕೊನೇ ದಿನ, ಮೇ 31ಕ್ಕೆ, ಹೆಸರು ವಾಪಸ್ ತೆಗೆದುಕೊಂಡು ಕಾಲೇಜಿಗೆ ಬಂದ. ದೇಶದ ಅತ್ಯುತ್ತಮ ಆಟಗಾರ, ವೃತ್ತಿಪರ ಆಟಕ್ಕೆ ಹೋಗದೆ ವಾಪಸ್! ಹುಚ್ಚು ಅನ್ನಿಸಬಹುದು. ಅಲ್ಲ. ಯಾಕೆ ಅಂತ ತಿಳಿಯಬೇಕಾದರೆ ಅವನ ಹಿಂದಿನವರ ಗತಿ ನೋಡಬೇಕು.

ಪ್ರಶಸ್ತಿ ಕಾಲೇಜಿನದು, ಕೆಲಸ ಬೇರೆಯದು

ಅಯೋವಾದ ಲೂಕಾ ಗಾರ್ಜಾ 2021ರ ಅತ್ಯುತ್ತಮ ಆಟಗಾರ. ಅವನೂ ಪಿವಟ್. ಡ್ರಾಫ್ಟ್‌ನಲ್ಲಿ 52ನೇ ನಂಬರು. ಕೆಂಟಕಿಯ ಆಸ್ಕರ್ ಶೀಬ್ವೆ 2022ರ ಅತ್ಯುತ್ತಮ ಆಟಗಾರ. 2023ರ ಡ್ರಾಫ್ಟ್‌ನಲ್ಲಿ ಅವನ ಹೆಸರನ್ನು ಯಾರೂ ಕರೆಯಲೇ ಇಲ್ಲ. ಗೊನ್ಜಾಗಾದ ಡ್ರೂ ಟಿಮ್ಮಿ ಕಥೆಯೂ ಅದೇ. ಬರೀ ಎತ್ತರಕ್ಕೆ ನಂಬರು ಸಿಗುವುದಿದ್ದರೆ ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ ಎಲ್ಲೋ ಇರಬೇಕಿತ್ತು. 7 ಅಡಿ 2 ಅಂಗುಲದ ಅವನನ್ನು 2015ರಲ್ಲಿ ಡಲ್ಲಾಸ್ ತಗೊಂಡಿತು, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಅವನದೂ 52ನೇ ನಂಬರೇ. ಎನ್‌ಬಿಎಯಲ್ಲಿ ಒಂದು ಆಟವನ್ನೂ ಆಡಲಿಲ್ಲ.

ಕಾರಣ ಅಂಗಳದ ಅಳತೆಯಲ್ಲೇ ಇದೆ. ರಿಂಗ್ ಮುಂದಿನ ಬಣ್ಣದ ಚೌಕ ಕಾಲೇಜಿನಲ್ಲಿ 12 ಅಡಿ ಅಗಲ, ಎನ್‌ಬಿಎಯಲ್ಲಿ 16 ಅಡಿ. ದಾಳಿ ಮಾಡುವವನು ಅದರೊಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ಅಂದರೆ ಬೆನ್ನು ಹಚ್ಚಿ ನಿಲ್ಲುವವನು ಅಲ್ಲಿ ರಿಂಗ್‌ನಿಂದ ಎರಡಡಿ ಆಚೆ ನಿಲ್ಲಬೇಕು. ಎರಡಡಿ ಏನು ಮಹಾ ಅನ್ನಬೇಡಿ, ಹುಕ್ ಶಾಟ್‌ಗೆ ಅದು ದೊಡ್ಡ ದೂರ. ದಾಳಿಗೆ ಕಾಲೇಜಿನಲ್ಲಿ 30 ಸೆಕೆಂಡು, ಅಲ್ಲಿ 24. ಎರಡು ಮೂರು ಸಲ ಕೋನ ಬದಲಿಸುತ್ತಾ ಕೂರಲು ಪುರುಸೊತ್ತಿಲ್ಲ.

ಡಿಫೆನ್ಸ್‌ನಲ್ಲಿ ಇನ್ನೂ ಕಷ್ಟ. ಕಾಲೇಜಿನಲ್ಲಿ ಈಡಿ ರಿಂಗ್ ಕೆಳಗೆ ಎರಡೂ ಕೈ ಎತ್ತಿ ನಿಂತುಬಿಡಬಹುದು, ಅಷ್ಟು ಸಾಕು. ಎನ್‌ಬಿಎಯಲ್ಲಿ ಯಾರನ್ನೂ ಕಾಯದೆ ಆ ಚೌಕದೊಳಗೆ ಮೂರು ಸೆಕೆಂಡು ನಿಂತರೆ ಡಿಫೆನ್ಸ್‌ನವನಿಗೂ ಶಿಕ್ಷೆ. ಅದರ ಮೇಲೆ ಅಲ್ಲಿನ ಗಾರ್ಡ್‌ಗಳು ಬೇಕಂತಲೇ ದೊಡ್ಡವನನ್ನು ಹುಡುಕಿ ಸ್ಕ್ರೀನ್‌ಗೆ ಎಳೆಯುತ್ತಾರೆ. ಥ್ರೀ-ಪಾಯಿಂಟ್ ಗೆರೆಯ ಹತ್ತಿರ ಅವನನ್ನು ಒಂಟಿ ಮಾಡಿ, ಪಕ್ಕದಲ್ಲಿ ಹಾರಿ ಹೋಗುತ್ತಾರೆ. ಇಲ್ಲ, ಅವನು ಹಿಂದೆ ಸರಿದರೆ ಅಲ್ಲೇ ನಿಂತು ಹೊಡೆಯುತ್ತಾರೆ. ಗಾರ್ಜಾ, ಶೀಬ್ವೆ ಇಬ್ಬರ ಮೇಲೂ ಇದ್ದ ಅನುಮಾನ ಇದೇ. ಪಾಯಿಂಟ್ ಹೊಡೆಯಲು ಬರುತ್ತದಾ ಅಂತ ಯಾರೂ ಕೇಳಲಿಲ್ಲ. ಗೆರೆ ಹತ್ತಿರ ಕಾಲು ಆಡುತ್ತದಾ ಅಂತ ಕೇಳಿದರು.

ಹಾಗಾಗಿ ಈಡಿ ವಾಪಸ್ ಬಂದದ್ದರಲ್ಲಿ ಲೆಕ್ಕ ಇತ್ತು. ಆದರೆ ಮುಂದಿನ ವರ್ಷ ಜಾಸ್ತಿ ಬದಲಾದದ್ದು ಅವನ ಸುತ್ತಲಿನ ಮೂಲೆಗಳು ಅನ್ನುವುದು ನನ್ನ ಅಭಿಪ್ರಾಯ. ಸದರ್ನ್ ಇಲಿನಾಯ್‌ನಿಂದ ಲ್ಯಾನ್ಸ್ ಜೋನ್ಸ್ ಬಂದ. ವೇಗದ ಗಾರ್ಡ್, ಹೊಡೆಯಲು ಹೆದರದವನು. ಸ್ಮಿತ್, ಲೋಯರ್ ಒಂದು ವರ್ಷ ದೊಡ್ಡವರಾದರು. ತಂಡದ ಥ್ರೀ-ಪಾಯಿಂಟರ್ ನೂರಕ್ಕೆ 32 ಇದ್ದದ್ದು 40 ದಾಟಿತು, ದೇಶದಲ್ಲೇ ಮೇಲಿನ ಸಾಲಿಗೆ ಬಂತು. ಈಡಿ ದಣಿಯದೆ ಜಾಸ್ತಿ ಹೊತ್ತು ಆಡುವಷ್ಟು ಮೈ ಹದ ಮಾಡಿಕೊಂಡ, ಅದು ನಿಜ. ಆದರೆ ಹುಕ್ ಶಾಟ್ ಅದೇ, ನಿಲ್ಲುವ ಜಾಗ ಅದೇ.

ಆ ವರ್ಷ ಪರ್ಡ್ಯೂ 34 ಗೆದ್ದು 5 ಸೋತಿತು. ಮಾರ್ಚ್ 31ರಂದು ಡೆಟ್ರಾಯಿಟ್‌ನಲ್ಲಿ ಟೆನೆಸ್ಸಿ ಎದುರು ಈಡಿ 40 ಪಾಯಿಂಟ್, 16 ರೀಬೌಂಡ್. ಅದರಲ್ಲಿ ಫ್ರೀ ಥ್ರೋ ಒಂದರಿಂದಲೇ 14. ಆ ಕಡೆ ಡಾಲ್ಟನ್ ನೆಕ್ಟ್ 37 ಹೊಡೆದ. ಪರ್ಡ್ಯೂ 72–66ರಲ್ಲಿ ಗೆದ್ದು 1980ರ ನಂತರ ಮೊದಲ ಸಲ ಕೊನೆಯ ನಾಲ್ಕಕ್ಕೆ ಬಂತು. ಸೆಮಿಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಜಾಸ್ತಿ ಕಷ್ಟ ಆಗಲಿಲ್ಲ, 63–50. ಫೈನಲ್ ಅಂತೂ 1969ರ ನಂತರ ಇದೇ ಮೊದಲು.

ಯುಗಾದಿ ಬೆಳಿಗ್ಗೆಯ ಲೆಕ್ಕ

ಯುಕಾನ್ ಕೋಚ್ ಡ್ಯಾನ್ ಹರ್ಲಿ, ಫೇರ್ಲಿ ಡಿಕಿನ್ಸನ್ ಮಾಡಿದ್ದಕ್ಕೆ ಪೂರ್ತಿ ಉಲ್ಟಾ ಮಾಡಿದರು. ಈಡಿಗೆ ಒಬ್ಬನೇ ಕಾವಲು. 7 ಅಡಿ 2 ಅಂಗುಲದ ಡಾನವನ್ ಕ್ಲಿಂಗನ್, ಅವನು ಕೂತಾಗ ಇನ್ನೊಬ್ಬ. ಉಳಿದ ನಾಲ್ವರು ತಮ್ಮ ತಮ್ಮ ಮನುಷ್ಯನನ್ನು ಬಿಟ್ಟು ಅಲ್ಲಾಡಲಿಲ್ಲ. ಈಡಿ ಬಾಲ್ ಹಿಡಿದು ತಿರುಗಿ ನೋಡುತ್ತಾನೆ, ಮೂಲೆಯಲ್ಲಿ ಯಾರೂ ಖಾಲಿ ಇಲ್ಲ. ಸರಿ, ತಾನೇ ಹೊಡೆದ. ಮತ್ತೆ ಹೊಡೆದ. 25 ಶಾಟ್‌ಗೆ 15 ಹಾಕಿದ.

ಮೊದಲರ್ಧ ಮುಗಿದಾಗ 36–30. ಇನ್ನೂ ಆಟ ಇದೆ ಅನ್ನಿಸಿತ್ತು. ಆಗ ಎಣ್ಣೆ ಕಿವಿ ಹಿಂದೆ ಇಳಿಯಲು ಶುರುವಾಗಿತ್ತು, ಒರೆಸಿಕೊಳ್ಳುತ್ತಾ ಒಂದು ಚೀಟಿಯಲ್ಲಿ ಪರ್ಡ್ಯೂ ಎಷ್ಟು ಥ್ರೀ-ಪಾಯಿಂಟರ್ ಹೊಡೆಯುತ್ತದೆ ಅಂತ ಗೀಟು ಹಾಕತೊಡಗಿದೆ. ಗೀಟು ಏರಲೇ ಇಲ್ಲ. ಮಾಮೂಲಿಯಾಗಿ ಆಟಕ್ಕೆ ಇಪ್ಪತ್ತರ ಆಸುಪಾಸು ಹೊಡೆಯುವ ತಂಡ ಅವತ್ತು ಇಡೀ ಆಟದಲ್ಲಿ ಹೊಡೆದದ್ದು 7. ಬಿದ್ದದ್ದು 1.

ಈಗ ಒಂದು ಸಣ್ಣ ಲೆಕ್ಕ. ಈಡಿಯ 25 ಶಾಟ್‌ಗೆ 30 ಪಾಯಿಂಟ್, ಅಂದರೆ ಶಾಟ್ ಒಂದಕ್ಕೆ 1.2. ಪರ್ಡ್ಯೂ ಥ್ರೀ-ಪಾಯಿಂಟರ್ ನೂರಕ್ಕೆ 40 ಬಿದ್ದರೂ ಶಾಟ್ ಒಂದಕ್ಕೆ ಅದೇ 1.2. ಎರಡೂ ಒಂದೇ! ಹಾಗಿದ್ದರೆ ಹರ್ಲಿಗೆ ಲಾಭ ಎಲ್ಲಿಂದ ಬಂತು?

ಲಾಭ ಅಕ್ಕಪಕ್ಕದಲ್ಲಿ ಸಿಕ್ಕಿತು. ಈಡಿ ಬೆನ್ನು ಹಚ್ಚಿ ತಳ್ಳಿ ತಳ್ಳಿ ಹೊಡೆಯುವಷ್ಟರಲ್ಲಿ ಗಡಿಯಾರ ಓಡುತ್ತದೆ, ದಾಳಿಗಳ ಲೆಕ್ಕ ಇಳಿಯುತ್ತದೆ. ಹತ್ತು ನಿಮಿಷ ಬಾಲ್ ಮುಟ್ಟದೆ ಸುಮ್ನೆ ನಿಂತ ಶೂಟರ್‌ನ ಕೈ ತಣ್ಣಗಾಗುತ್ತದೆ. ಎರಡನೇ ಕಾವಲಿಗ ಓಡಿ ಬರದ ಕಾರಣ ಯುಕಾನ್ ಡಿಫೆನ್ಸ್ ಎಲ್ಲೂ ಹರಿಯಲಿಲ್ಲ. ಅವಸರದಲ್ಲಿ ಕೈ ಹಾಕಿ ಮಾಡುವ ಫೌಲ್‌ಗಳೂ ಕಡಿಮೆಯಾದವು. ಟೆನೆಸ್ಸಿ ಎದುರು ಫ್ರೀ ಥ್ರೋದಿಂದ 14 ಪಾಯಿಂಟ್ ತೆಗೆದವನು ಇಲ್ಲಿ ತೆಗೆದದ್ದು 7. ಮತ್ತೆ ಮುಖ್ಯವಾಗಿ, ಬೆಂಚಿಗೆ ಹೋಗದೆ ಹೆಚ್ಚುಕಡಿಮೆ ಇಡೀ ಆಟ ಆಡಿದ ಆ ದೊಡ್ಡ ಮೈ ದಣಿಯುತ್ತದೆ. ಎರಡನೇ ಅರ್ಧದಲ್ಲಿ ಅವನ ಹುಕ್ ಶಾಟ್ ರಿಂಗ್‌ನ ಮುಂದಿನ ಅಂಚಿಗೆ ತಾಗಿ ಬೀಳುತ್ತಿತ್ತು. ಕಾಲಿನಲ್ಲಿ ಬಲ ಇಲ್ಲದಾಗ ಶಾಟ್ ಗಿಡ್ಡ ಬೀಳುವುದು ಎಲ್ಲ ಪಿವಟ್‌ಗಳಿಗೂ ಗೊತ್ತಿರುವ ಕಥೆ.

ನನಗೆ ಅಸಮಾಧಾನ ಇರುವುದು ಇದರ ಮುಂದಿನದರಲ್ಲಿ. ಪರೀಕ್ಷೆ ಪರ್ಡ್ಯೂ ಆಟದ ಕ್ರಮಕ್ಕೆ ಇತ್ತು: ಈಡಿಗೆ ಇಬ್ಬರು ಬರದೇ ಹೋದರೆ ನಿಮ್ಮ ಹತ್ತಿರ ಇನ್ನೇನಿದೆ? ಉತ್ತರ ಇರಲಿಲ್ಲ. ಆದರೆ ಅಂಕ ಕೊಟ್ಟದ್ದು ಮಾತ್ರ ಈಡಿಗೆ. "ನೋಡಿ, ಅವನಿಗೆ ಬೇಕಾದಷ್ಟು ಕೊಟ್ಟರೂ ತಂಡ ಗೆಲ್ಲುವುದಿಲ್ಲ" ಅನ್ನುವುದು ಒಂದು ವಾದವೇ ಆಯಿತು. ಎನ್‌ಬಿಎಯಲ್ಲಿ ಅವನಿಗೆ 25 ಶಾಟ್ ಕೊಡುವವರು ಯಾರು? ಯಾರೂ ಇಲ್ಲ. ಹಾಗಿದ್ದಮೇಲೆ ಆ 25 ಶಾಟ್ ಹಿಡಿದು ಅವನನ್ನು ಅಳೆಯುವುದರಲ್ಲಿ ಅರ್ಥ ಏನು?

ಆ ಆಟದಲ್ಲೇ ಅಳೆಯಬೇಕಾದ ಬೇರೆ ವಿಷಯಗಳಿದ್ದವು. ಡ್ರಾಫ್ಟ್‌ನ ಮೊದಲ ಹತ್ತರಲ್ಲಿ ಹೋಗಲಿದ್ದ ಕ್ಲಿಂಗನ್ ಮೇಲೆ ಅವನು ಒಂಟಿಯಾಗಿ ಹೊಡೆಯಬಲ್ಲ ಅನ್ನುವುದು ಕಂಡಿತು. ಅದೇ ಹೊತ್ತಿಗೆ ಯುಕಾನ್ ಗಾರ್ಡ್‌ಗಳಾದ ಟ್ರಿಸ್ಟನ್ ನ್ಯೂಟನ್, ಸ್ಟೀಫನ್ ಕ್ಯಾಸಲ್ ಅವನನ್ನು ಸ್ಕ್ರೀನ್‌ಗೆ ಎಳೆದು ಒಳಗೆ ನುಗ್ಗಿದ್ದೂ ಕಂಡಿತು. ನ್ಯೂಟನ್ 20, ಕ್ಯಾಸಲ್ 15. ನಾನು ಸ್ಕೌಟ್ (ತಂಡಕ್ಕಾಗಿ ಆಟಗಾರರನ್ನು ತೂಗಿ ನೋಡುವವನು) ಆಗಿದ್ದರೆ 37ನ್ನು ಪಕ್ಕಕ್ಕಿಟ್ಟು, ಆ 20 ಮತ್ತು 15 ಎಲ್ಲಿಂದ ಬಂದವು ಅಂತ ವಿಡಿಯೋ ಹಿಂದೆ ಮುಂದೆ ಮಾಡಿ ನೋಡುತ್ತಿದ್ದೆ. ಅಷ್ಟರಲ್ಲಿ ಅಮ್ಮನ ತಾಳ್ಮೆ ಮುಗಿದಿತ್ತು, ನಾನು ಬಚ್ಚಲಿಗೆ ಹೋದೆ.

ಮೆಂಫಿಸ್‌ನವರು ಕಂಡದ್ದು

ಜೂನ್ 26ರಂದು ಬ್ರೂಕ್ಲಿನ್‌ನಲ್ಲಿ ಮೊದಲ ಸುತ್ತು. ಕ್ಯಾಸಲ್ 4ನೆಯವನಾಗಿ ಸ್ಯಾನ್ ಆಂಟೋನಿಯೊಗೆ ಹೋದ. ಕ್ಲಿಂಗನ್ 7ನೆಯವನಾಗಿ ಪೋರ್ಟ್‌ಲ್ಯಾಂಡ್‌ಗೆ. 9ನೇ ನಂಬರಿಗೆ ಮೆಂಫಿಸ್ ಗ್ರಿಝ್ಲೀಸ್ ಈಡಿ ಹೆಸರು ಹೇಳಿತು.

ಎರಡೂ ಕಡೆಯವರಿಗೆ ಆಶ್ಚರ್ಯ ಆಗುವ ನಂಬರು ಅದು. ಯಾರ ಮೇಲೆ 37 ಬಂತೋ ಅವನು ಎರಡು ಮೆಟ್ಟಿಲು ಮೇಲೆ, ಹೊಡೆದವನು ಕೆಳಗೆ. ಆದರೂ ತುಂಬಾ ಜನರ ಪಟ್ಟಿಯಲ್ಲಿ ಈಡಿ ಮೊದಲ ಸುತ್ತಿನ ನಡುವೆಯೋ ಅದಕ್ಕೂ ಕೆಳಗೋ ಇದ್ದ. ಹತ್ತರ ಒಳಗೆ ಬಂದದ್ದು ಅವರಿಗೆ ಅತಿ ಅನ್ನಿಸಿತು.

ಮೆಂಫಿಸ್‌ನ ಲೆಕ್ಕ ಸರಳ ಇತ್ತು. ಅವರ ಹತ್ತಿರ ಜಾ ಮೊರಾಂಟ್ ಇದ್ದ, ಸ್ಕ್ರೀನ್ ಸಿಕ್ಕರೆ ರಿಂಗ್‌ವರೆಗೆ ಹಾರುವ ಗಾರ್ಡ್. ಜ್ಯಾರೆನ್ ಜಾಕ್ಸನ್ ಜೂನಿಯರ್ ಇದ್ದ, ದೊಡ್ಡ ಆಳಾದರೂ ಹೊರಗಿಂದ ಹೊಡೆಯುವವನು, ಡಿಫೆನ್ಸ್‌ನಲ್ಲಿ ಗೆರೆ ಹತ್ತಿರ ಓಡಾಡುವವನು, ರೀಬೌಂಡ್ ಮಾತ್ರ ಕಡಿಮೆ. ಇವರಿಬ್ಬರ ಮಧ್ಯೆ ಗೋಡೆಯ ಹಾಗೆ ನಿಲ್ಲುತ್ತಿದ್ದ ಸ್ಟೀವನ್ ಆಡಮ್ಸ್ ಮೊಣಕಾಲು ಕೆಟ್ಟು ಇಡೀ ವರ್ಷ ಕೂತಿದ್ದ. 2024ರ ಫೆಬ್ರವರಿಯಲ್ಲಿ ಅವನನ್ನು ಹ್ಯೂಸ್ಟನ್‌ಗೆ ಕೊಟ್ಟಿದ್ದರು. ಆ ವರ್ಷ ಮೆಂಫಿಸ್ 27 ಗೆದ್ದು 55 ಸೋತಿತ್ತು. ಬೇಕಿದ್ದದ್ದು ಸ್ಕ್ರೀನ್ ಹಾಕುವ, ರೀಬೌಂಡ್ ಹಿಡಿಯುವ ದೊಡ್ಡ ಮೈ. ಕಾಲೇಜಿನಲ್ಲಿ ಈಡಿಯ ಎರಡನೇ ಕೆಲಸ ಆಗಿದ್ದದ್ದೇ ಇಲ್ಲಿ ಮೊದಲನೇ ಕೆಲಸ. ಪೋಸ್ಟ್-ಅಪ್ ನೋಡಿ ತಗೊಂಡದ್ದಲ್ಲ, ಬ್ರೇಡನ್ ಸ್ಮಿತ್‌ಗೆ ಹಾಕುತ್ತಿದ್ದ ಸ್ಕ್ರೀನ್ ನೋಡಿ ತಗೊಂಡದ್ದು ಅಂತ ನನಗೆ ಅನ್ನಿಸುತ್ತದೆ.

ಅದಾದ ಮೇಲೆ ಒಂದು ತಮಾಷೆ ನಡೆಯಿತು. 2024–25ಕ್ಕೆ ಮೆಂಫಿಸ್ ಹೊಸ ಆಟದ ಕ್ರಮ ತಂದಿತು. ಎಲ್ಲರೂ ಜಾಗ ಬಿಟ್ಟು ನಿಲ್ಲುವುದು, ಖಾಲಿ ಜಾಗಕ್ಕೆ ಓಡುವುದು, ಬಾಲ್ ಹಿಡಿದವನಿಗೆ ಸ್ಕ್ರೀನ್ ಹಾಕುವುದು ಬಹಳ ಕಡಿಮೆ, ಇಡೀ ಲೀಗ್‌ನಲ್ಲೇ ಅತಿ ಕಡಿಮೆ. ಗೋಡೆ ಬೇಕು ಅಂತ ಗೋಡೆ ತಂದು, ಗೋಡೆ ಬೇಡದ ಮನೆ ಕಟ್ಟಿದ ಹಾಗೆ. ಶುರುವಿನಲ್ಲಿ ಗೆಲುವು ಬಂತು, ಅದನ್ನು ಒಪ್ಪಬೇಕು. ಆದರೆ ಮೊರಾಂಟ್‌ಗೂ ಅದು ಹೊಂದಲಿಲ್ಲ. 2025ರ ಮಾರ್ಚ್ 28ರಂದು, ಇನ್ನು 9 ಆಟ ಬಾಕಿ ಇರುವಾಗ, ಕೋಚ್ ಟೇಲರ್ ಜೆಂಕಿನ್ಸ್ ಅವರನ್ನು ತೆಗೆದರು. ಆ ಕ್ರಮ ತಂದಿದ್ದ ಸಹಾಯಕ ಕೋಚ್ ನೋವಾ ಲರೋಶ್ ಕೂಡ ಹೋದರು. ಜಾಗಕ್ಕೆ ಬಂದ ಟುವೋಮಸ್ ಈಸಾಲೋ ಮತ್ತೆ ಸ್ಕ್ರೀನ್ ಆಟಕ್ಕೆ ತಿರುಗಿಸಿದರು. ಏಪ್ರಿಲ್ 8ರಂದು, ಗ್ಲೆಂಡೇಲ್‌ನ ಫೈನಲ್ ಆಗಿ ಸರಿಯಾಗಿ ಒಂದು ವರ್ಷಕ್ಕೆ, ಶಾರ್ಲಟ್ ಎದುರು ಈಡಿ 19 ಪಾಯಿಂಟ್, 21 ರೀಬೌಂಡ್.

ಮೊದಲ ವರ್ಷದಲ್ಲಿ 66 ಆಟ, 9.2 ಪಾಯಿಂಟ್, 8.3 ರೀಬೌಂಡ್. ಇಡೀ ಲೀಗ್‌ನ ಅತ್ಯುತ್ತಮ ಹೊಸಬರ ಮೊದಲ ಐವರ ಪಟ್ಟಿಯಲ್ಲಿ ಕ್ಯಾಸಲ್ ಜೊತೆ ಅವನ ಹೆಸರೂ ಬಂತು. ಫೌಲ್ ಜಾಸ್ತಿ ಮಾಡುತ್ತಾನೆ, ವೇಗದ ಗಾರ್ಡ್ ಎದುರಾದರೆ ಒದ್ದಾಡುತ್ತಾನೆ. ಅನುಮಾನ ಪಟ್ಟವರು ಪೂರ್ತಿ ತಪ್ಪಾಗಿರಲಿಲ್ಲ. ಆ ಬೇಸಿಗೆಯಲ್ಲಿ ಹಿಮ್ಮಡಿ ಗೆಣ್ಣಿನ ಶಸ್ತ್ರಚಿಕಿತ್ಸೆಯೂ ಆಯಿತು. ಇಷ್ಟು ದೊಡ್ಡ ಮೈ ಹೊರುವ ಕಾಲಿನ ಬಗ್ಗೆ ಡ್ರಾಫ್ಟ್ ಮುಂಚೆ ಆದ ಚರ್ಚೆ ಸಾಲದು ಅಂತ ಈಗ ಅನ್ನಿಸುತ್ತದೆ. ನಾವೆಲ್ಲ ಅವನ ಕಾಲಿನ ವೇಗ ನೋಡುತ್ತಾ ಕೂತಿದ್ದೆವು.

ಇನ್ನು ಪರ್ಡ್ಯೂ. ಈಡಿ ಇಲ್ಲದ ಮೊದಲ ವರ್ಷಕ್ಕೆ ಪೇಂಟರ್ ಇನ್ನೊಬ್ಬ 7 ಅಡಿ 4 ಅಂಗುಲದ ಹುಡುಗನನ್ನೇ ತಂದಿದ್ದರು, ಡೇನಿಯಲ್ ಜೇಕಬ್ಸನ್. ಋತುವಿನ ಎರಡನೇ ಆಟದಲ್ಲೇ ಅವನ ಕಾಲು ಮುರಿಯಿತು. ಹಾಗಾಗಿ ಕ್ರಮವನ್ನೇ ತಿರುಗಿಸಬೇಕಾಯಿತು. ಸ್ಮಿತ್ ಕೈಗೆ ಬಾಲ್, ಟ್ರೇ ಕೌಫ್‌ಮನ್-ರೆನ್ ಸ್ಕ್ರೀನ್ ಹಾಕಿ ಒಳಗೆ ಉರುಳಿ ಸಣ್ಣ ದೂರದಿಂದ ಹೊಡೆಯುವುದು. ಈಡಿ ಇದ್ದಾಗ ನೆರಳಲ್ಲಿದ್ದ ರೆನ್ ಆಟಕ್ಕೆ 20.1 ಪಾಯಿಂಟ್ ಹೊಡೆದ. ಸ್ಮಿತ್ ಪರ್ಡ್ಯೂ ಆಡುವ ಕಾಲೇಜು ಗುಂಪಾದ ಬಿಗ್ ಟೆನ್‌ನ ಅತ್ಯುತ್ತಮ ಆಟಗಾರನಾದ. ದಾಳಿ ಚೆನ್ನಾಗಿಯೇ ಇತ್ತು. ಕೆಟ್ಟದ್ದು ರಿಂಗ್ ಕಾವಲು. ಸುಮ್ನೆ ಕೈ ಎತ್ತಿ ನಿಲ್ಲುತ್ತಾನೆ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದ ಆ ಎರಡು ಕೈ ಈಗ ಇರಲಿಲ್ಲ. ಕೊನೆಯ 16ರಲ್ಲಿ ಹ್ಯೂಸ್ಟನ್ ಎದುರು 62–60ರಲ್ಲಿ ಸೋತರು. ಕೊನೆಯ ಸೆಕೆಂಡಿನಲ್ಲಿ ಹ್ಯೂಸ್ಟನ್‌ನವನು ರಿಂಗ್ ಪಕ್ಕದಲ್ಲೇ ನಿಂತು ಲೇಅಪ್ ಹಾಕಿದ.